ಬೈಲು, ಬೆಟ್ಟು, ಪದವು

ಗದ್ದೆ ಎಷ್ಟು, ತೋಟ ಎಷ್ಟು, ಗುಡ್ಡ ಎಷ್ಟು ಎಂದು ಎಕರೆಗಳನ್ನು ಎಣಿಸಿದ ಮಾತ್ರಕ್ಕೆ ಒಂದು ಸೀಮೆಯ ನೆಲವನ್ನು ಅರಿತಂತಾಗದು. ಒಂದು ಬಗೆಯ ನೆಲ ಮತ್ತೊಂದಕ್ಕೆ ಹೇಗೆ ಆಸರೆಯಾಗಿತ್ತೆಂಬುದನ್ನೂ ತಿಳಿಯಬೇಕು. ನಮ್ಮ ಕಾಸರಗೋಡು ಸೀಮೆಯ ಹಿರಿಯರು ಇದನ್ನರಿತೇ ಭೂಮಿಗೆ ಹೆಸರಿಟ್ಟಿದ್ದರು.

ಕಣಿವೆಯ ತಳದಲ್ಲಿ, ತೋಡಿನ ಮಗ್ಗುಲಲ್ಲಿರುವುದು ಬೈಲು. ನೀರು ಸಮೃದ್ಧವಾಗಿರುವಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳೂ ಅಲ್ಲಿ ಬರುತ್ತಿದ್ದವು. ಅದಕ್ಕಿಂತ ಮೇಲಿನ ಮಜಲು ಎರಡು ಬೆಳೆಯ ನೆಲ. ಇನ್ನೂ ಮೇಲಿನ ಬೆಟ್ಟುಗದ್ದೆ ಮಳೆಯೊಂದನ್ನೇ ನಂಬಿ ಒಂದು ಬೆಳೆ ಕೊಡುತ್ತಿತ್ತು. ಕಣಿವೆಯ ಇಕ್ಕೆಲಗಳಲ್ಲಿ ಅಡಕೆ, ತೆಂಗಿನ ತೋಟಗಳು. ಎಲ್ಲಕ್ಕೂ ಮೇಲೆ ಮುರಕಲ್ಲಿನ ಪದವು.

ಗುಡ್ಡವನ್ನೂ ಗದ್ದೆಯನ್ನೂ ಬೆಸೆದ ಕೊಂಡಿ ಕುಮ್ಕಿ. 1799ರಲ್ಲಿ ಟಿಪ್ಪುವಿನ ಪತನಾನಂತರ ಈ ಸೀಮೆ ಕಂಪೆನಿ ಸರಕಾರದ ಕೈಸೇರಿ, ಮುಂದೆ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಒಳಪಟ್ಟಿತು. ಆ ಜಿಲ್ಲೆಯ ಕಂದಾಯ ಪದ್ಧತಿಯಂತೆ, ಹಳೆಯ ವರ್ಗಭೂಮಿಯ ಅಂಚಿನಿಂದ ಸುಮಾರು 100 ಗಜದವರೆಗಿನ ಸರಕಾರಿ ಪಾಳು ನೆಲದಲ್ಲಿ ಸೊಪ್ಪು, ಸೌದೆ, ಹುಲ್ಲು ಪಡೆಯುವ ಸವಲತ್ತು ವರ್ಗದಾರನಿಗಿತ್ತು. ಒಡೆತನ ಸರಕಾರದ್ದು, ಅನುಭೋಗ ರೈತನದು. ‘ಕುಮ್ಮಕ್ಕು’ ಎಂಬ ಮಾತಿಗೂ ಇದಕ್ಕೂ ಮೂಲಾರ್ಥ ಒಂದೇ: ನೆರವು. ಅಲ್ಲಿಯ ಸೊಪ್ಪು ಹಟ್ಟಿಗೆ ಬಂದು, ಗೊಬ್ಬರವಾಗಿ ಗದ್ದೆಗೆ ಇಳಿಯುತ್ತಿತ್ತು. ಪದವಿನಲ್ಲಿ ಇಂಗಿದ ಮಳೆನೀರು ಸುರಂಗಗಳಲ್ಲಿ ಒಸರಿ ಮನೆಗೂ ತೋಟಕ್ಕೂ ಒದಗುತ್ತಿತ್ತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ರಾಜ್ಯದ ಗಡಿಯಲ್ಲದೆ ಇನ್ನೊಂದು ಗಡಿ ಮುಂದಿನ ದಶಕಗಳಲ್ಲಿ ಗುಡ್ಡಕ್ಕೂ ಗದ್ದೆಗೂ ನಡುವೆ ಬಿದ್ದಿತು. ಗುಡ್ಡಪದವುಗಳ ವಿಶಾಲ ಭಾಗಗಳಲ್ಲಿ ಸರಕಾರಿ ಸ್ವಾಮ್ಯದ ಗೇರುತೋಟಗಳು ಎದ್ದವು. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಅವುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡವನ್ನು ಬರಿಯ ಗೇರಿನ ನೆಲವೆಂದು ಬಗೆದವರಿಗೆ, ಅದರ ಬುಡದಲ್ಲಿ ನೀರು ಕುಡಿಯುವ ಊರುಗಳಿವೆಯೆಂಬುದು ತೋರಲಿಲ್ಲ. ಎಣ್ಮಕಜೆಯಂಥ ಗ್ರಾಮಗಳ ಸಂಕಟವನ್ನು ಇಂದು ನಾಡೆಲ್ಲ ಬಲ್ಲದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶಾದ್ಯಂತ ತಡೆಯಿತು.

ಗದ್ದೆ ಮತ್ತು ಜೌಗುನೆಲಗಳ ರಕ್ಷಣೆಗೆ ಕೇರಳದಲ್ಲಿ 2008ರಲ್ಲಿ ಕಾನೂನು ಬಂದಿತು. ಅದು ಸ್ತುತ್ಯವೇ ಸರಿ. ಆದರೆ ಬೈಲನ್ನು ಉಳಿಸಿ ಪದವನ್ನು ಕಡಿದರೆ ಬೈಲಿಗೆ ನೀರೆಲ್ಲಿಯದು? ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿರುವ ಹಳೆಯ ಕನ್ನಡ ದಸ್ತಾವೇಜುಗಳಲ್ಲಿ ಬೈಲು, ಮಜಲು, ಬೆಟ್ಟು, ಕುಮ್ಕಿ ಎಂಬ ಮಾತುಗಳಿವೆ. ಅವುಗಳನ್ನು ಓದಿ ಅರ್ಥ ಹೇಳಬಲ್ಲ ಹಿರಿಯರು ಇರುವಾಗಲೇ ನಮ್ಮ ಮಕ್ಕಳು ಅದನ್ನು ಕಲಿತುಕೊಳ್ಳಲಿ. ಈ ನೆಲದ ಹಕ್ಕನ್ನೂ ಹೊಣೆಯನ್ನೂ ಅರಿಯಲು ನಮಗೆ ಆ ಕನ್ನಡ ಬೇಕು.