ಹಸಿರಿಗೂ ಕೆಂಪಿಗೂ ನಡುವೆ: ಸಂಚಾರ ದೀಪ ಮತ್ತು ಫಲಕಗಳ ಚರಿತ್ರೆ

ನಗರದ ಕೂಡುರಸ್ತೆಗಳಲ್ಲಿ ಇಂದು ಕಾಣುವ ಸಂಚಾರ ದೀಪ ಮೋಟಾರು ವಾಹನಗಳ ಜೊತೆಯಲ್ಲೇ ಹುಟ್ಟಿತೆಂಬ ಭಾವನೆ ಸಾಮಾನ್ಯವಾಗಿದ್ದರೂ, ಮೊದಲ ಸಂಚಾರ ದೀಪ ರಸ್ತೆಗೆ ಬಂದದ್ದು ಕುದುರೆಗಾಡಿಗಳ ಕಾಲದಲ್ಲಿ. ಅದೂ ಗಾಡಿಗಳ ಅನುಕೂಲಕ್ಕಾಗಿ ಅಲ್ಲ, ಕಾಲ್ನಡಿಗೆಯಲ್ಲಿ ರಸ್ತೆ ದಾಟುವವರ ರಕ್ಷಣೆಗಾಗಿ. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಸಂಸತ್ ಭವನದ ಬಳಿ, ಗ್ರೇಟ್ ಜಾರ್ಜ್ ಸ್ಟ್ರೀಟ್ ಮತ್ತು ಬ್ರಿಡ್ಜ್ ಸ್ಟ್ರೀಟ್ ಕೂಡುವಲ್ಲಿ, ರೈಲ್ವೆ ಎಂಜಿನಿಯರ್ ಜೆ. ಪಿ. ನೈಟ್ ಅವರ ಸಲಹೆಯಂತೆ ಎತ್ತರದ ಕಂಬವೊಂದನ್ನು ನಿಲ್ಲಿಸಲಾಯಿತು. ರೈಲು ನಿಲ್ದಾಣಗಳ ಹೊರಗೆ ಅಂದು ಬಳಕೆಯಲ್ಲಿದ್ದ ಕೈಮರದ ಮಾದರಿಯಲ್ಲೇ ಇದ್ದ ಈ ಕಂಬದ ತೋಳುಗಳು ನೆಟ್ಟಗೆ ಅಡ್ಡ ಚಾಚಿದರೆ ಗಾಡಿಗಳು ನಿಲ್ಲಬೇಕಿತ್ತು, ಅರ್ಧಕ್ಕೆ ಇಳಿದರೆ ಎಚ್ಚರಿಕೆಯಿಂದ ಮುಂದುವರಿಯಬಹುದಿತ್ತು. ರಾತ್ರಿಯ ಹೊತ್ತು ಇದೇ ಎರಡು ಸೂಚನೆಗಳನ್ನು ಕೆಂಪು ಮತ್ತು ಹಸಿರು ಗ್ಯಾಸ್ ದೀಪಗಳು ಕೊಡುತ್ತಿದ್ದವು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆ ಹಸಿರು ದೀಪಕ್ಕೆ 'ದಾರಿ ನಿನ್ನದು' ಎಂಬ ಅರ್ಥ ಇರಲೇ ಇಲ್ಲ. ದಾಟುವವರ ಮೇಲೆ ಗಮನವಿಟ್ಟು ನಿಧಾನವಾಗಿ ಹೋಗು ಎಂಬುದಷ್ಟೇ ಅದರ ಆಜ್ಞೆಯಾಗಿತ್ತು. ಬ್ರಿಟಿಷ್ ರೈಲ್ವೆಗಳಲ್ಲೂ ಆಗ ಹಸಿರು ಎಚ್ಚರಿಕೆಯ ಬಣ್ಣವಾಗಿದ್ದು, ಬಿಳಿಯ ಬೆಳಕೇ ದಾರಿ ತೆರವೆಂದು ಹೇಳುತ್ತಿತ್ತು. ಕೆಂಪು ಗಾಜು ಒಡೆದುಹೋದರೆ ಉಳಿಯುವ ಬಿಳಿ ಬೆಳಕನ್ನು ಚಾಲಕ ಅನುಮತಿಯೆಂದೇ ಓದಿಕೊಳ್ಳುವ ಅಪಾಯ ಮನವರಿಕೆಯಾದ ಮೇಲೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹಸಿರು ಬಿಳಿಯ ಸ್ಥಾನಕ್ಕೆ ಬಂತು. ಲಂಡನ್ನಿನ ಕಂಬ ಮಾತ್ರ ಆ ಬದಲಾವಣೆಯನ್ನು ನೋಡುವಷ್ಟು ಕಾಲ ಬಾಳಲಿಲ್ಲ. ಕಂಬದ ಬುಡದಲ್ಲಿ ನಿಂತು ಅದನ್ನು ಕೈಯಿಂದ ನಡೆಸಲು ಪೊಲೀಸ್ ಪೇದೆಯೊಬ್ಬ ಬೇಕಾಗಿದ್ದ. ಸ್ಥಾಪನೆಯಾಗಿ ತಿಂಗಳೂ ತುಂಬುವ ಮೊದಲೇ, 1869ರ ಜನವರಿಯಲ್ಲಿ, ಸೋರಿದ ಗ್ಯಾಸ್ ಸಿಡಿದು ಆ ಪೇದೆ ತೀವ್ರವಾಗಿ ಗಾಯಗೊಂಡ. ಆ ಬಳಿಕ ಕಂಬವನ್ನು ತೆಗೆದುಹಾಕಿದ ಲಂಡನ್ ನಗರ, ಸುಮಾರು ಅರ್ಧ ಶತಮಾನದಷ್ಟು ಕಾಲ ತನ್ನ ಕೂಡುರಸ್ತೆಗಳನ್ನು ಪೇದೆಯ ಕೈಗೇ ಒಪ್ಪಿಸಿತು.

ಈ ಕಥೆಯ ಎರಡನೆಯ ಘಟ್ಟ ಅಮೆರಿಕದ್ದು. 1914ರ ಆಗಸ್ಟ್ 5ರಂದು ಕ್ಲೀವ್‌ಲ್ಯಾಂಡ್ ನಗರದ ಯೂಕ್ಲಿಡ್ ಅವೆನ್ಯೂ ಮತ್ತು 105ನೇ ಬೀದಿ ಸಂಧಿಸುವಲ್ಲಿ ವಿದ್ಯುತ್ ದೀಪಗಳ ವ್ಯವಸ್ಥೆಯೊಂದು ಕೆಲಸ ಆರಂಭಿಸಿತು. ಅದರಲ್ಲಿ ಇದ್ದದ್ದು ಕೆಂಪು ಮತ್ತು ಹಸಿರು ಮಾತ್ರ. ರಸ್ತೆಬದಿಯ ಚೌಕಿಯಲ್ಲಿ ಕುಳಿತ ಪೊಲೀಸ್ ಸಿಬ್ಬಂದಿ ಸ್ವಿಚ್ ಒತ್ತಿ ಅವನ್ನು ಬದಲಿಸುತ್ತಿದ್ದರು, ಅಗ್ನಿಶಾಮಕ ವಾಹನ ಬಂದಾಗ ನಾಲ್ಕೂ ಕಡೆ ಕೆಂಪು ಹೊತ್ತಿಸುವ ಅನುಕೂಲವೂ ಇತ್ತು. ಬಣ್ಣ ಬದಲಾಗುವ ಮುನ್ನ ಸದ್ದು ಮಾಡಿ ಎಚ್ಚರಿಸುವ ಏರ್ಪಾಡನ್ನು ಅದಕ್ಕೆ ಸೇರಿಸಿದ್ದು ತಾಂತ್ರಿಕವಾಗಿ ಚಿಕ್ಕ ವಿಷಯವಾದರೂ, ಚರಿತ್ರೆಯ ದೃಷ್ಟಿಯಿಂದ ಅದೇ ಆ ವ್ಯವಸ್ಥೆಯ ಹಿರಿಮೆ. ಓಡುತ್ತಿರುವ ವಾಹನ ಆಜ್ಞೆ ಬಂದ ಕ್ಷಣದಲ್ಲೇ ನಿಲ್ಲಲಾರದು, ಆದ್ದರಿಂದ ಆಜ್ಞೆಗೂ ಪಾಲನೆಗೂ ನಡುವೆ ಒಂದಿಷ್ಟು ಕಾಲಾವಕಾಶವನ್ನು ವ್ಯವಸ್ಥೆಯೇ ಒದಗಿಸಬೇಕು ಎಂಬ ತಿಳಿವಳಿಕೆ ಅಲ್ಲಿ ಮೊಳೆತಿತ್ತು.

ಆ ತಿಳಿವಳಿಕೆಗೆ ಬಣ್ಣದ ರೂಪ ಕೊಟ್ಟವರು ಡೆಟ್ರಾಯಿಟ್ ನಗರದ ಪೊಲೀಸ್ ಅಧಿಕಾರಿ ವಿಲಿಯಂ ಪಾಟ್ಸ್. ರೈಲ್ವೆಯಲ್ಲಿ ಬಳಕೆಯಲ್ಲಿದ್ದ ಮೂರು ಬಣ್ಣಗಳನ್ನೇ ತೆಗೆದುಕೊಂಡು, ನಾಲ್ಕು ದಿಕ್ಕಿಗೂ ಮುಖವಿರುವ ದೀಪಗೋಪುರವನ್ನು ಅವರು 1920ರಲ್ಲಿ ರೂಪಿಸಿದರು. ಹಸಿರು ಆರಿ ಕೆಂಪು ಹೊತ್ತುವ ಮೊದಲು ಹಳದಿ ಬೆಳಗುವ ಪದ್ಧತಿ ಅಲ್ಲಿಂದ ಹಬ್ಬಿತು. 1923ರಲ್ಲಿ ಕ್ಲೀವ್‌ಲ್ಯಾಂಡಿನ ಆಫ್ರಿಕನ್ ಅಮೆರಿಕನ್ ಸಂಶೋಧಕ ಗ್ಯಾರೆಟ್ ಮಾರ್ಗನ್ ಪೇಟೆಂಟ್ ಪಡೆದ ಕೈಮರದಲ್ಲಿಯೂ, ಒಂದು ಕಡೆಯ ವಾಹನಗಳನ್ನು ಬಿಡುವ ಮುನ್ನ ಎಲ್ಲ ಕಡೆಯವರನ್ನೂ ತಡೆದು ನಿಲ್ಲಿಸುವ ಮಧ್ಯದ ಸ್ಥಿತಿಯೊಂದು ಇತ್ತು. ಒಬ್ಬರು ಬೆಳಕಿನಿಂದ, ಇನ್ನೊಬ್ಬರು ಕೈಮರದಿಂದ ಸಾಧಿಸಲು ಹೊರಟದ್ದು ಒಂದನ್ನೇ, ಅಂದರೆ ಎರಡು ಆಜ್ಞೆಗಳ ನಡುವೆ ಬಿಡುವು ಕೊಡುವುದನ್ನು.

ಬಿಡುವು ಎಷ್ಟಿರಬೇಕೆಂಬ ಪ್ರಶ್ನೆಯನ್ನು ಗಣಿತದ ಕಣ್ಣಿನಿಂದ ನೋಡಿದ್ದು 1960ರಲ್ಲಿ ಡೆನೋಸ್ ಗ್ಯಾಜಿಸ್, ರಾಬರ್ಟ್ ಹರ್ಮನ್ ಮತ್ತು ಅಲೆಕ್ಸಿ ಮರಡುಡಿನ್ ಎಂಬ ಮೂವರು ವಿಜ್ಞಾನಿಗಳು ಪ್ರಕಟಿಸಿದ ಪ್ರಬಂಧ. ಚಾಲಕರ ಪಾಲನೆಯ ಬಗ್ಗೆ ನಡೆಯುವ ಎಲ್ಲ ಚರ್ಚೆಗಳಲ್ಲೂ ನೆನೆಯಬೇಕಾದ ಬರಹ ಅದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಹಳದಿ ಕಂಡು ಬ್ರೇಕಿನ ಮೇಲೆ ಕಾಲಿಡಲು ಚಾಲಕನಿಗೆ ಒಂದು ಸೆಕೆಂಡು ಹಿಡಿಯಿತೆಂದೂ, ಹಿಂದಿನವರು ಬಂದು ಗುದ್ದದಂತೆ ಹದವಾಗಿ ಬ್ರೇಕ್ ಹಾಕಿದನೆಂದೂ ಇಟ್ಟುಕೊಂಡರೆ, ಕಾರು ನಿಲ್ಲುವಷ್ಟರಲ್ಲಿ ಹತ್ತಿರ ಹತ್ತಿರ 46 ಮೀಟರ್ ಕ್ರಮಿಸಿರುತ್ತದೆ. ಹಳದಿ ಹೊತ್ತಿದಾಗ ನಿಲುಗಡೆ ಗೆರೆಯಿಂದ 44 ಮೀಟರ್ ದೂರದಲ್ಲಿದ್ದ ಚಾಲಕ ಆದ್ದರಿಂದ ಗೆರೆಯ ಹಿಂದೆ ನಿಲ್ಲಲಾರ. ಹಳದಿಯ ಅವಧಿ 3 ಸೆಕೆಂಡು ಮಾತ್ರ ಆಗಿದ್ದರೆ ಅದೇ ವೇಗದಲ್ಲಿ ಮುಂದುವರಿದರೂ ಕೆಂಪು ಹೊತ್ತುವ ಮೊದಲು ಗೆರೆ ದಾಟಲಾರ, ಅದರಾಚೆಯ ಕೂಡುರಸ್ತೆಯನ್ನು ದಾಟುವ ಮಾತಂತೂ ದೂರವೇ ಉಳಿಯಿತು. ಯಾವ ದಾರಿ ಹಿಡಿದರೂ ತಪ್ಪಿತಸ್ಥನಾಗುವ ಈ ಜಾಗವನ್ನು ಸಂಚಾರ ಶಾಸ್ತ್ರದಲ್ಲಿ ಇಕ್ಕಟ್ಟಿನ ವಲಯ ಎನ್ನಬಹುದು. ಹಳದಿಯ ಅವಧಿಯನ್ನು ವೇಗ ಮತ್ತು ರಸ್ತೆಯ ಅಗಲಕ್ಕೆ ತಕ್ಕಂತೆ ಹೊಂದಿಸಿದರೆ ಈ ವಲಯವೇ ಇಲ್ಲವಾಗುತ್ತದೆ. ಹೊಂದಿಸದಿದ್ದರೆ ಸಭ್ಯ ಚಾಲಕನೂ ಸಿಗ್ನಲ್ ಹಾರಿಸಿದವನಾಗುತ್ತಾನೆ. 1968ರ ನವೆಂಬರಿನಲ್ಲಿ ವಿಯೆನ್ನಾದಲ್ಲಿ ರೂಪುಗೊಂಡ ರಸ್ತೆ ಫಲಕ ಮತ್ತು ಸಂಕೇತಗಳ ಅಂತರರಾಷ್ಟ್ರೀಯ ಒಪ್ಪಂದ, ಸುರಕ್ಷಿತವಾಗಿ ನಿಲ್ಲಿಸಲಾಗದಷ್ಟು ಹತ್ತಿರ ಬಂದಿದ್ದ ವಾಹನಕ್ಕೆ ಹಳದಿಯಲ್ಲಿ ಮುಂದುವರಿಯಲು ಅವಕಾಶ ಕೊಟ್ಟಿರುವುದು ಈ ನ್ಯಾಯವನ್ನು ಅರಿತೇ.

ದೀಪಗಳ ಕಥೆ ಕಾಲದ್ದಾದರೆ ಫಲಕಗಳ ಕಥೆ ಆಕಾರದ್ದು. ಗಡಿ ದಾಟಿ ಓಡತೊಡಗಿದ ಮೋಟಾರುಗಳಿಗಾಗಿ 1909ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಯೂರೋಪಿನ ಸರ್ಕಾರಗಳು ಒಪ್ಪಿಕೊಂಡದ್ದು ನಾಲ್ಕೇ ಚಿತ್ರಗಳನ್ನು: ಉಬ್ಬುತಗ್ಗು, ತಿರುವು, ಕೂಡುರಸ್ತೆ, ರೈಲ್ವೆ ಗೇಟು. ಓದು ಬರದವನಿಗೂ ಪರಭಾಷೆಯವನಿಗೂ ತಿಳಿಯಬೇಕೆಂಬ ಆ ಚಿತ್ರಗಳ ತತ್ತ್ವ ಮುಂದೆ 1931ರ ಜಿನೀವಾ ಒಪ್ಪಂದದಲ್ಲಿ ಬೆಳೆದು ವಿಯೆನ್ನಾ ಒಪ್ಪಂದದಲ್ಲಿ ಸ್ಥಿರಗೊಂಡಿತು; ಭಾರತ 1980ರಲ್ಲಿ ಅದಕ್ಕೆ ಸೇರಿತು. ಆಜ್ಞೆಗೆ ದುಂಡು ಫಲಕ, ಎಚ್ಚರಿಕೆಗೆ ತ್ರಿಕೋನ, ಮಾಹಿತಿಗೆ ಚೌಕ ಎಂಬ ವಿಂಗಡಣೆಯಲ್ಲಿ ಬರೆದದ್ದು ಓದುವಷ್ಟು ಹತ್ತಿರವಾಗುವ ಮೊದಲೇ ಫಲಕದ ಹೊರರೇಖೆ ತನ್ನ ಅರ್ಧ ಸಂದೇಶವನ್ನು ಮುಟ್ಟಿಸಿರುತ್ತದೆ. ಎಂಟು ಮೂಲೆಯ 'ನಿಲ್ಲಿ' ಫಲಕದ ಹುಟ್ಟೂ ಅಂಥದೇ ಯೋಚನೆಯಿಂದ ಆದದ್ದು. ಬೇರಾವ ಫಲಕಕ್ಕೂ ಇಲ್ಲದ ಆ ಆಕಾರವನ್ನು ಹಿಂಬದಿಯಿಂದ ನೋಡಿದರೂ ಗುರುತಿಸಬಹುದು.

ಭಾರತದಲ್ಲಿ ಮೋಟಾರು ವಾಹನಗಳಿಗೆಂದೇ ದೇಶವ್ಯಾಪಿ ಕಾಯಿದೆ ಬಂದದ್ದು 1914ರಲ್ಲಿ. ಅದರ ಸ್ಥಾನವನ್ನು 1939ರ ಕಾಯಿದೆಯೂ, ಅದರದನ್ನು 1988ರಲ್ಲಿ ಅಂಗೀಕಾರವಾಗಿ 1989ರ ಜುಲೈ 1ರಿಂದ ಜಾರಿಗೆ ಬಂದ ಈಗಿನ ಕಾಯಿದೆಯೂ ತುಂಬಿದವು. ಎಂ. ಆರ್. ಜಯಕರ್ ಸಮಿತಿಯ ಶಿಫಾರಸಿನ ಬೆನ್ನಿಗೆ 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಎಂಜಿನಿಯರುಗಳ ಸಂಸ್ಥೆ, ಫಲಕದ ಅಳತೆ, ಬಣ್ಣ, ಎತ್ತರ, ಅಕ್ಷರಗಳ ಗಾತ್ರ ಇತ್ಯಾದಿಗಳನ್ನು ತನ್ನ ಸಂಹಿತೆಗಳಲ್ಲಿ ನಿಗದಿಪಡಿಸುತ್ತ ಬಂದಿದೆ. ಈಗಿನ ಕಾಯಿದೆಯ 119ನೆಯ ಕಲಮು ಚಾಲಕನ ಕರ್ತವ್ಯವನ್ನು ಹೇಳುತ್ತದೆ: ಆಜ್ಞಾಫಲಕಗಳಿಗೆ, ವಿದ್ಯುತ್ ಸಂಕೇತಗಳಿಗೆ ಮತ್ತು ಸಂಚಾರ ನಿಯಂತ್ರಿಸುವ ಪೊಲೀಸ್ ಅಧಿಕಾರಿಯ ಸೂಚನೆಗೆ ಅವನು ತಲೆಬಾಗಬೇಕು. ಇದನ್ನು ಉಲ್ಲೇಖಿಸುವವರು ಬಹಳ. ಅದಕ್ಕಿಂತ ಮೊದಲು ಬರುವ 116ನೆಯ ಕಲಮನ್ನು ನೆನೆಯುವವರು ಕಡಿಮೆ. ಫಲಕಗಳನ್ನು ಯಾರು ನೆಡಬಹುದು, ಅವು ಯಾವ ರೂಪದಲ್ಲಿರಬೇಕು ಎಂಬುದರ ಜೊತೆಗೆ, ಸಂಚಾರ ಫಲಕವನ್ನು ಮರೆಮಾಡುವ ಅಥವಾ ಅದರಂತೆಯೇ ಕಂಡು ದಾರಿ ತಪ್ಪಿಸುವ ಜಾಹೀರಾತುಗಳನ್ನು ತೆಗೆಸುವ ಅಧಿಕಾರವನ್ನೂ ಅದು ಹೇಳುತ್ತದೆ. 'ಪ್ರವೇಶವಿಲ್ಲ' ಎಂಬ ದುಂಡು ಫಲಕದ ಮುಂದೆ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ಕಟ್ಟಿರುವ ಅಥವಾ ಹೊಂಗೆಯ ಕೊಂಬೆ ಬಾಗಿ ನಿಂತಿರುವ ದೃಶ್ಯ ಕರ್ನಾಟಕದ ಯಾವ ಪಟ್ಟಣದಲ್ಲೂ ಅಪರೂಪವಲ್ಲ. ಅಂಥ ಬೀದಿಯಲ್ಲಿ ಎದುರು ದಿಕ್ಕಿಗೆ ನುಗ್ಗಿದವನ ತಪ್ಪನ್ನು ಎಣಿಸುವಾಗ ಈ ಕಲಮಿನ ಹೊಣೆಯನ್ನೂ ಎಣಿಸುವುದು ನ್ಯಾಯ.

ಬೆಂಗಳೂರಿಗೆ ಮೊದಲ ಸಂಚಾರ ದೀಪ ಬಂದದ್ದು 1963ರಲ್ಲಿ, ನೃಪತುಂಗ ರಸ್ತೆಯ ತುದಿಯ ಕಾರ್ಪೊರೇಷನ್ ವೃತ್ತದಲ್ಲಿ. ನಗರ ಮತ್ತು ದಂಡು ಎರಡಾಗಿದ್ದ ಊರು 1949ರಲ್ಲಿ ಒಂದೇ ಕಾರ್ಪೊರೇಷನ್ನಿನ ಅಡಿಗೆ ಬಂದು ಇನ್ನೂ ಎರಡು ದಶಕ ತುಂಬಿರಲಿಲ್ಲ. ಪೇಟೆಯ ಕಡೆಯಿಂದ ಬರುವ ದಾರಿಗೂ ದಂಡಿನ ಕಡೆಗೆ ಹೊರಡುವ ದಾರಿಗೂ ಕೂಡುತಾಣವಾದ ಈ ವೃತ್ತ ಮೊದಲ ದೀಪಕ್ಕೆ ಸಹಜವಾದ ಜಾಗವಾಗಿತ್ತು. ಅಲ್ಲಿಯವರೆಗೆ ವೃತ್ತಗಳನ್ನು ಆಳುತ್ತಿದ್ದದ್ದು ಪೇದೆಯ ಕೈ. ದೀಪ ಬಂದ ಮೇಲೂ ಪೇದೆ ಹೋಗಲಿಲ್ಲ, ಇಂದಿಗೂ ಹೋಗಿಲ್ಲ. ಬಿಳಿಯ ಅಂಗಿ, ಖಾಕಿ ಪ್ಯಾಂಟು, ಒಂದು ಬದಿ ಮಡಿಸಿದ ಬಿಳಿಯ ಟೋಪಿಯ ಸಂಚಾರ ಪೊಲೀಸರು ದಟ್ಟಣೆಯ ಹೊತ್ತಿನಲ್ಲಿ ಹಸಿರು ಉರಿಯುತ್ತಿರುವಾಗಲೇ ಅಂಗೈ ತೋರಿ ವಾಹನಗಳನ್ನು ತಡೆಯುವುದೂ, ಕೆಂಪು ಇದ್ದಾಗ ಕೈಬೀಸಿ ಕರೆಯುವುದೂ ಉಂಟು. ದೀಪಕ್ಕಿಂತ ಅಧಿಕಾರಿಯ ಸೂಚನೆಯೇ ಮೇಲೆಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ನಿಯಮವೇ ಆದರೂ, ಅಪವಾದಕ್ಕೆಂದು ಇಟ್ಟ ಈ ಏರ್ಪಾಡು ದಿನನಿತ್ಯದ ರೂಢಿಯಾದಾಗ, ಪೇದೆ ನಿಂತಿದ್ದರೆ ನಿಲ್ಲಬೇಕು, ಇಲ್ಲದಿದ್ದರೆ ಹೋಗಬಹುದು ಎಂಬ ಪಾಠವನ್ನು ಚಾಲಕರು ಕಲಿಯುತ್ತಾರೆ. ಪಾಲನೆಯ ಕೊರತೆಗೆ ಇದೂ ಒಂದು ಬಲವಾದ ಕಾರಣ.

ಪೇದೆ ಮಧ್ಯೆ ಬರಬೇಕಾಗುವುದೇಕೆ ಎಂಬುದಕ್ಕೆ ಉತ್ತರ ದೀಪದ ಅವಧಿಯ ಲೆಕ್ಕದಲ್ಲಿದೆ. ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ಎಫ್. ವಿ. ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರ, ಪ್ರತಿ ದಿಕ್ಕಿನ ವಾಹನಗಳ ಸಂಖ್ಯೆ ಮತ್ತು ರಸ್ತೆಯ ಸಾಮರ್ಥ್ಯವನ್ನು ತೂಗಿ, ಒಟ್ಟು ಕಾಯುವಿಕೆ ಅತಿ ಕಡಿಮೆಯಾಗುವಂತೆ ಒಂದು ಸುತ್ತಿನ ಅವಧಿಯನ್ನು ಗೊತ್ತುಮಾಡುತ್ತದೆ; ಭಾರತದ ಸಂಹಿತೆಯೂ ಅದನ್ನೇ ಆಧರಿಸಿದೆ. ಆದರೆ ಸಾಲುಹಿಡಿದು ನಿಲ್ಲುವ ಕಾರುಗಳ ಊರಿನಲ್ಲಿ ಹುಟ್ಟಿದ ಸೂತ್ರ ಅದು. ಬಸ್ಸು, ಆಟೊ, ಸೈಕಲ್ಲುಗಳನ್ನೆಲ್ಲ ಕಾರಿನ ಲೆಕ್ಕಕ್ಕೆ ಇಳಿಸಿ, ಸಂದಿಗಳಲ್ಲಿ ನುಸುಳಿ ಗೆರೆಯ ಮುಂದಕ್ಕೆ ಬಂದು ನಿಲ್ಲುವ ದ್ವಿಚಕ್ರ ವಾಹನಗಳನ್ನೂ ಅದರಲ್ಲೇ ಅಡಗಿಸುವಾಗ ಲೆಕ್ಕ ಸಡಿಲಾಗುತ್ತದೆ. ಅವಧಿ ಬೆಳಗಿಗೂ ಸಂಜೆಗೂ ಒಂದೇ ಆಗಿದ್ದರಂತೂ ಖಾಲಿ ರಸ್ತೆಗೆ ಹಸಿರು, ತುಂಬಿದ ರಸ್ತೆಗೆ ಕೆಂಪು ಎಂಬ ಸ್ಥಿತಿ ಬಂದು, ಜನರಿಗೆ ದೀಪದ ಮೇಲಿನ ನಂಬಿಕೆಯೇ ಹೋಗುತ್ತದೆ. ವಾಹನಗಳ ಹರಿವನ್ನು ಅರಿತು ತಾನೇ ಅವಧಿ ಬದಲಿಸಿಕೊಳ್ಳುವ ದೀಪಗಳನ್ನು ಬೆಂಗಳೂರಿನ ಕೂಡುರಸ್ತೆಗಳಲ್ಲಿ ಈಚೆಗೆ ಅಳವಡಿಸುತ್ತಿರುವುದು ಈ ದೋಷವನ್ನು ತಿದ್ದುವ ಪ್ರಯತ್ನ.

ಈ ಲೆಕ್ಕಾಚಾರದಲ್ಲಿ ಅತ್ಯಂತ ದುರ್ಬಲವಾಗಿ ಉಳಿದವನು, ಯಾರ ಸಲುವಾಗಿ ಸಂಚಾರ ದೀಪ ಹುಟ್ಟಿತೋ ಆ ಪಾದಚಾರಿ. ದಾಟುವವರಿಗೆ ಕೊಡಬೇಕಾದ ಹಸಿರನ್ನು ಲೆಕ್ಕಹಾಕಲು ಸಂಹಿತೆ ಹಿಡಿಯುವ ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್, ಹೆಜ್ಜೆಯೆತ್ತಲು 7 ಸೆಕೆಂಡು ಅದಕ್ಕೆ ಸೇರುತ್ತದೆ. 18 ಮೀಟರ್ ಅಗಲದ ರಸ್ತೆಗೆ ಹೀಗೆ 22 ಸೆಕೆಂಡು ಸಿಗಬೇಕು. ಸೊಂಟದ ಮೇಲೆ ಕೂಸನ್ನು ಹೊತ್ತ ತಾಯಿಗೂ ಕೋಲೂರಿದ ವೃದ್ಧರಿಗೂ 1.2 ಮೀಟರ್ ಬಿರುಸಿನ ನಡಿಗೆಯೇ. ಕಾಗದದ ಮೇಲಿನ ಅಷ್ಟೂ ಸೆಕೆಂಡುಗಳು ರಸ್ತೆಯಲ್ಲಿ ಸಿಗದಿರುವಾಗ, ಎಡಕ್ಕೆ ತಿರುಗುವ ವಾಹನಗಳಿಗೆ ತಡೆಯಿಲ್ಲದ ದಾರಿ ಬಿಟ್ಟಿರುವಾಗ, ಜೀಬ್ರಾ ಪಟ್ಟಿಯ ಮೇಲೆ ಕಾಲಿಟ್ಟವರು ನಿಯಮವನ್ನು ನಂಬುವುದಕ್ಕಿಂತ ವಾಹನಗಳ ನಡುವಿನ ಸಂದಿಯನ್ನು ನಂಬುವುದು ಅನಿವಾರ್ಯವಾಗುತ್ತದೆ. ಸಂಚಾರ ನಿಯಮಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿಲ್ಲ.

ದಂಡದ ಬಗೆಗಿನ ಚರ್ಚೆ ಇದರ ಹಿನ್ನೆಲೆಯಲ್ಲಿ ನಡೆಯಬೇಕು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯಿದೆಯ ತಿದ್ದುಪಡಿ, ಕೆಂಪು ದೀಪ ಉಲ್ಲಂಘಿಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿ ದಂಡಗಳನ್ನು ಹಲವು ಪಟ್ಟು ಏರಿಸಿತು. ಜನರ ಆಕ್ಷೇಪಣೆ ಎದ್ದು ಅದೇ ತಿಂಗಳಿನಲ್ಲಿ ಕರ್ನಾಟಕ ಸರ್ಕಾರ ಅವುಗಳಲ್ಲಿ ಹಲವನ್ನು ಇಳಿಸಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇಕಡ 50ರ ರಿಯಾಯಿತಿ ಘೋಷಿಸಿದಾಗ, ಬೆಂಗಳೂರೊಂದರಲ್ಲೇ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ ಸಂದಾಯವಾಯಿತು. ಉಲ್ಲಂಘನೆಗಳು ದಾಖಲಾಗುತ್ತಿದ್ದರೂ ದಂಡ ವಸೂಲಾಗದೆ ವರ್ಷಗಟ್ಟಲೆ ಬಿದ್ದಿತ್ತು ಎಂಬುದನ್ನು ಆ ಮೊತ್ತವೇ ತಿಳಿಸುತ್ತದೆ. ದಂಡದ ಗಾತ್ರಕ್ಕಿಂತ ಅದು ತಪ್ಪದೆ, ತಡವಿಲ್ಲದೆ ಬರುತ್ತದೆಂಬ ಖಾತರಿಯೇ ಚಾಲಕನ ನಡತೆಯನ್ನು ತಿದ್ದುತ್ತದೆ.

ಆ ಖಾತರಿಗೆಂದೇ ಬಂದವು ಕ್ಯಾಮೆರಾಗಳು. 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಲಾದ 167ಎ ನಿಯಮ, ಕ್ಯಾಮೆರಾ ಹಿಡಿದ ಉಲ್ಲಂಘನೆಗೆ ನೋಟಿಸನ್ನು 15 ದಿನಗಳೊಳಗೆ ಕಳುಹಿಸಬೇಕೆಂದು ವಿಧಿಸಿತು. ಅದೇ ನಿಯಮ ಸರ್ಕಾರದ ಮೇಲೂ ಷರತ್ತುಗಳನ್ನು ಹಾಕಿದೆ. ಮುಂದೆ ಕ್ಯಾಮೆರಾ ಇದೆಯೆಂಬ ಎಚ್ಚರಿಕೆ ಫಲಕ ಚಾಲಕನಿಗೆ ಮೊದಲೇ ಎದ್ದು ಕಾಣುವಂತಿರಬೇಕು. ನಿಲುಗಡೆ ಗೆರೆ ಮತ್ತು ಪಾದಚಾರಿಗಳು ದಾಟುವ ಪಟ್ಟಿ ರಸ್ತೆಯ ಮೇಲೆ ಸ್ಪಷ್ಟವಾಗಿ ಬರೆದಿರಬೇಕು.