ಚಕ್ಕಡಿಯಿಂದ ಪಿಕಪ್‌ವರೆಗೆ: ಬ್ರೇಕಿನ ಬಿಸಿಯ ಚರಿತ್ರೆ

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ರಾಕ್ ಗಾರ್ಡನ್ನಿನ ರೈತರನ್ನೂ ಎತ್ತುಗಳನ್ನೂ ನೋಡಿ ಹೊರಬಂದರೆ ಪುಣೆ-ಬೆಂಗಳೂರು ಹೆದ್ದಾರಿ ಸಿಗುತ್ತದೆ. ಮೆಕ್ಕೆಜೋಳ, ಹತ್ತಿ, ತರಕಾರಿ ಹೇರಿದ ಪಿಕಪ್ ವಾಹನಗಳು ಅಲ್ಲಿ ಓಡಾಡುತ್ತಿರುತ್ತವೆ. ಈ ಬಯಲಿನಲ್ಲಿ ಬ್ರೇಕಿಗೆ ಹೆಚ್ಚಿನ ಕೆಲಸವಿಲ್ಲ. ಅದೇ ವಾಹನ ಪಶ್ಚಿಮಕ್ಕೆ ತಿರುಗಿ ಅರಬೈಲು ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಇಳಿಯುವಾಗ ಮಾತು ಬೇರೆ. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನಲ್ಲಿ ಕಣಿವೆಗೆ ಉರುಳಿ ಹತ್ತು ಮಂದಿ ವ್ಯಾಪಾರಿಗಳು ಸತ್ತರು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಹೋದದ್ದು ಕಾರಣವೆಂದು ಪೊಲೀಸರು ಹೇಳಿದರು, ಬ್ರೇಕು ಅಲ್ಲ. ಆದರೂ ಭಾರ ಹೇರಿಕೊಂಡು ಆ ಘಟ್ಟ ಇಳಿಯುವುದೆಂದರೆ ಏನೆಂಬುದು ನಮ್ಮ ಭಾಗದವರಿಗೆ ಅಂದು ಮತ್ತೆ ನೆನಪಾಯಿತು.

ಈ ದಾರಿಗಳು ಹೊಸವಲ್ಲ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಅದು ಘಟ್ಟವಿಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಅದರ ಹೆಸರೇ 'ಕುಮಟಾ ಹತ್ತಿ'. ಇಳಿಜಾರಿನಲ್ಲಿ ಚಕ್ಕಡಿಯ ಭಾರವನ್ನು ಹಿಂದಕ್ಕೆ ತಡೆಹಿಡಿಯುವ ಕೆಲಸ ಹೆಚ್ಚಾಗಿ ಎತ್ತುಗಳದೇ.

ಇಲ್ಲೊಂದು ಲೆಕ್ಕ ಮಾಡೋಣ. 20 ಮೀಟರಿಗೆ 1 ಮೀಟರ್ ಇಳಿಯುವ ರಸ್ತೆಯಲ್ಲಿ 2 ಕಿ.ಮೀ. ಸಾಗಿದರೆ 100 ಮೀಟರ್ ಇಳಿದಂತಾಯಿತು. ಒಟ್ಟು 1000 ಕೆ.ಜಿ. ತೂಗುವ ಚಕ್ಕಡಿ ಅಷ್ಟರಲ್ಲಿ ಕಳೆದುಕೊಳ್ಳುವ ಸ್ಥಿತಿಶಕ್ತಿ ಸುಮಾರು 9.8 ಲಕ್ಷ ಜೂಲ್. ಗಂಟೆಗೆ 4 ಕಿ.ಮೀ. ವೇಗದಲ್ಲಿ ಈ ದಾರಿಗೆ ಅರ್ಧ ಗಂಟೆ ಬೇಕು. ಎಂದರೆ ಸೆಕೆಂಡಿಗೆ ಸುಮಾರು 540 ಜೂಲ್, ಒಂದು ಇಸ್ತ್ರಿ ಪೆಟ್ಟಿಗೆಗಿಂತ ಕಡಿಮೆ! ಸರಕೂ ಸೇರಿ 3000 ಕೆ.ಜಿ. ತೂಗುವ ಪಿಕಪ್ ಅದೇ ದಾರಿಯನ್ನು ಗಂಟೆಗೆ 40 ಕಿ.ಮೀ.ಯಂತೆ ಮೂರೇ ನಿಮಿಷದಲ್ಲಿ ಇಳಿಯುತ್ತದೆ. ಆಗ ಸೆಕೆಂಡಿಗೆ 16,000 ಜೂಲ್‌ಗಿಂತ ಹೆಚ್ಚು. ತೂಕ ಮೂರು ಪಟ್ಟು, ಶಾಖ ಹುಟ್ಟುವ ದರ ಮೂವತ್ತು ಪಟ್ಟು. ಉಳಿದ ಹತ್ತು ಪಟ್ಟು ವೇಗದ್ದು. ಬ್ರೇಕು ಶಕ್ತಿಯನ್ನು ನಾಶಮಾಡುವುದಿಲ್ಲ, ಉಷ್ಣವಾಗಿ ಪರಿವರ್ತಿಸುತ್ತದೆ. ಆ ಉಷ್ಣವನ್ನು ಎಲ್ಲಿ ಇಡುವುದು ಎಂಬ ಹುಡುಕಾಟವೇ ಬ್ರೇಕಿನ ಚರಿತ್ರೆ ಎನ್ನಬಹುದು.

ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡಿನಲ್ಲಿ ಕುದುರೆಗಾಡಿಗಳ ಬ್ರೇಕು ಸವೆಯುವುದನ್ನು ಕಂಡ ಹರ್ಬರ್ಟ್ ಫ್ರೂಡ್, 1897ರಲ್ಲಿ ಘರ್ಷಣೆಗೆಂದೇ ಲೈನರ್ ತಯಾರಿಸುವ ಉದ್ಯಮ ಆರಂಭಿಸಿದ. ಮೊದಮೊದಲು ಅವನು ಬಳಸಿದ್ದು ಹತ್ತಿಯನ್ನು! ಮೋಟಾರು ವಾಹನಗಳ ಶಾಖಕ್ಕೆ ಹತ್ತಿ ಕರಕಾಯಿತು, ಕಲ್ನಾರು ಬಂತು. ಕಲ್ನಾರಿನ ದೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಬ್ರಿಟನ್ 1999ರಲ್ಲಿ ಅದನ್ನೂ ನಿಷೇಧಿಸಿತು.

ಕಾಲಿನ ಬಲ ಗಾಲಿಗೆ ತಲುಪುವ ಬಗೆಯೂ ಬದಲಾಯಿತು. ರೈಲಿಗೆ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಸಂಪೀಡಿತ ಗಾಳಿಯ ಬ್ರೇಕಿಗೆ ಪೇಟೆಂಟ್ ಪಡೆದ; ಇಂದಿನ ದೊಡ್ಡ ಲಾರಿ-ಬಸ್ಸುಗಳಲ್ಲಿರುವುದು ಅದರ ವಂಶದ್ದೇ. ಪಿಕಪ್‌ನಂಥ ವಾಹನಗಳು ಪ್ಯಾಸ್ಕಲನ ನಿಯಮವನ್ನು ನಂಬಿವೆ. ಮಾಲ್ಕಮ್ ಲೌಹೆಡ್ ರೂಪಿಸಿದ ದ್ರವ ಬ್ರೇಕು 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಗಾಲಿಗಳಿಗೆ ಬಂತು. ಕಾಲಿನ ಬಲ ಸಾಲದಾದಾಗ ಬೆಲ್ಜಿಯಮ್ಮಿನ ಡೆವಾಂಡ್ರ್‌ನ ವಿನ್ಯಾಸದಂತೆ ಬಾಷ್ ಕಂಪನಿ 1927ರಲ್ಲಿ ನಿರ್ವಾತದ ನೆರವು ಒದಗಿಸಿತು. ಪೆಡಲಿನ ಹಿಂದಿರುವ ಆ ಡಬ್ಬಿಯೇ ಬೂಸ್ಟರ್. ಒಂದು ಬದಿಯಲ್ಲಿ ನಿರ್ವಾತ, ಇನ್ನೊಂದು ಬದಿಯಲ್ಲಿ ವಾತಾವರಣದ ಒತ್ತಡ. ಡೀಸೆಲ್ ವಾಹನಗಳಲ್ಲಿ ಈ ನಿರ್ವಾತವನ್ನು ಕೊಡುವುದು ಎಂಜಿನ್ನಿನಿಂದ ತಿರುಗುವ ಪಂಪು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸುವ ಚಾಲಕರು ಈಗಲೂ ಇದ್ದಾರೆ. ಎರಡು-ಮೂರು ಸಲ ಪೆಡಲ್ ಒತ್ತುವಷ್ಟರಲ್ಲಿ ಉಳಿದಿದ್ದ ನಿರ್ವಾತ ಮುಗಿಯುತ್ತದೆ, ಪೆಡಲ್ ಕಲ್ಲಾಗುತ್ತದೆ.

ಡಿಸ್ಕ್ ಬ್ರೇಕಿನದು ತಡವಾದ ಕತೆ. ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದರೂ ಲೋಹಕ್ಕೆ ಲೋಹ ಉಜ್ಜಿ ಕಿರುಚುತ್ತಿತ್ತು. 1953ರ ಲ ಮಾನ್ ಓಟದಲ್ಲಿ ಡನ್‌ಲಪ್ ಡಿಸ್ಕುಗಳಿದ್ದ ಜಾಗ್ವಾರ್ ಗೆದ್ದಾಗ ಅದರ ಗುಣ ಜಗತ್ತಿಗೆ ತಿಳಿಯಿತು. ಡ್ರಮ್ಮಿನೊಳಗೆ ಶಾಖ ಸೆರೆಯಾಗುತ್ತದೆ. ಡಿಸ್ಕು ಗಾಳಿಗೆ ತೆರೆದಿರುತ್ತದೆ.

ಹಾಗಾದರೆ ಪಿಕಪ್‌ಗೆ ದೊಡ್ಡ ಡಿಸ್ಕು, ಒಳ್ಳೆಯ ಪ್ಯಾಡು ಹಾಕಿಸಿದರೆ ಬೇಗ ನಿಲ್ಲುತ್ತದೆಯೇ? ನನ್ನ ವಿದ್ಯಾರ್ಥಿಗಳು ಹೌದೆನ್ನುತ್ತಾರೆ. ಆದರೆ ವಾಹನವನ್ನು ಕೊನೆಗೆ ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಘರ್ಷಣಾಂಕ 0.7 ಇದ್ದರೆ ಗಂಟೆಗೆ 60 ಕಿ.ಮೀ. ವೇಗದಿಂದ ನಿಲ್ಲಲು ಬ್ರೇಕು ಹಿಡಿದಲ್ಲಿಂದ ಕನಿಷ್ಠ 20 ಮೀಟರ್ ಬೇಕೇ ಬೇಕು. ಹಳೆಯ ಬ್ರೇಕೇ ಹೇರಿದ ಗಾಡಿಯ ಗಾಲಿಗಳನ್ನು ಬಿಗಿಹಿಡಿಯಬಲ್ಲದಾದರೆ, ಹೊಸದು ಒಂದು ಸಲದ ನಿಲುಗಡೆಯಲ್ಲಿ ಹೆಚ್ಚೇನೂ ಸಾಧಿಸದು. ಅದರ ಉಪಯೋಗ ಘಟ್ಟದಲ್ಲಿ. ಹಾಗೆ ಒಂದು ಸಲ ನಿಲ್ಲುವಾಗ ಹುಟ್ಟುವ ಉಷ್ಣ ಸುಮಾರು 4.2 ಲಕ್ಷ ಜೂಲ್. 100 ಮೀಟರ್ ಇಳಿಯುವುದು ಅಂಥ ಏಳು ನಿಲುಗಡೆಗಳಿಗೆ ಸಮ. ನಾಲ್ಕೂ ಗಾಲಿಗಳ ಬ್ರೇಕಿನ ಕಬ್ಬಿಣ 40 ಕೆ.ಜಿ. ಎಂದುಕೊಂಡು, ಉಷ್ಣವೆಲ್ಲ ಅದರಲ್ಲೇ ಉಳಿದರೆ ತಾಪ 150 ಡಿಗ್ರಿ ಏರುತ್ತದೆ. ವಾಸ್ತವದಲ್ಲಿ ಗಾಳಿಯೂ ಎಂಜಿನ್ನೂ ಪಾಲು ಪಡೆಯುತ್ತವೆ. ಆದರೆ ಘಟ್ಟ 100 ಮೀಟರಿಗೇ ಮುಗಿಯುವುದಿಲ್ಲ.

ಈ ಬಿಸಿ ದ್ರವಕ್ಕೂ ತಲುಪುತ್ತದೆ. ಗ್ಯಾರೇಜಿನಲ್ಲಿ 'ಬ್ರೇಕ್ ಆಯಿಲ್' ಎಂದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಹೀರುತ್ತದೆ. ಡಾಟ್-3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಮೇಲೆ ಅದಕ್ಕಿರುವ ಮಿತಿ 140 ಮಾತ್ರ. ಡಾಟ್-4ಕ್ಕೆ ಇವು 230 ಮತ್ತು 155. ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವ ಕುಗ್ಗದು, ಆವಿ ಕುಗ್ಗುತ್ತದೆ. ಪ್ಯಾಸ್ಕಲನ ಒತ್ತಡ ಗಾಲಿಗೆ ತಲುಪುವುದೇ ಇಲ್ಲ. ನನ್ನನ್ನು ಕೇಳಿದರೆ ಮೊದಲ ಸುಧಾರಣೆ ಇದೇ: ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಾಯಿಸುವುದು. ಖರ್ಚೂ ಕಡಿಮೆ. ಎರಡನೆಯದಕ್ಕೆ ಖರ್ಚೇ ಇಲ್ಲ. ಇಳಿಯುವಾಗ ಕೆಳಗಿನ ಗೇರು ಹಾಕಿದರೆ ಶಾಖದ ಒಂದು ಪಾಲು ಎಂಜಿನ್ನಿಗೆ ಹೋಗುತ್ತದೆ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಹೊರೆಗೆ ತಕ್ಕಂತೆ ಹೊಂದಿಸುವ ಕವಾಟವಿರುತ್ತದೆ. ಗಾಡಿಯ ಚೌಕಟ್ಟಿಗೂ ಹಿಂದಿನ ಅಚ್ಚಿಗೂ ಇರುವ ಅಂತರವೇ ಅದಕ್ಕೆ ತಕ್ಕಡಿ: ಅಂತರ ಕಡಿಮೆಯಾದರೆ ಹೊರೆ ಹೆಚ್ಚಿದೆಯೆಂದು ಭಾವಿಸಿ ಹಿಂದಕ್ಕೆ ಹೆಚ್ಚು ಒತ್ತಡ ಬಿಡುತ್ತದೆ. ಹೆಚ್ಚು ಮಾಲು ಹೇರಲೆಂದು ಹಿಂದಿನ ಸ್ಪ್ರಿಂಗಿಗೆ ಎರಡು ಪಾಟಾ ಸೇರಿಸಿದರೆ ಗಾಡಿ ಕುಸಿಯುವುದಿಲ್ಲ. ಕವಾಟ ಗಾಡಿ ಖಾಲಿ ಇದೆಯೆಂದೇ ತಿಳಿಯುತ್ತದೆ. ಹಿಂದಿನ ಬ್ರೇಕು ಮಂದವಾಗಿ ಎಲ್ಲ ಬಿಸಿಯೂ ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ. ಅಲ್ಲಿ ದೊಡ್ಡ ಡಿಸ್ಕು ಹಾಕಿಸುವ ಮೊದಲು ಪಾಟಾಗಳನ್ನು ಎಣಿಸಿ, ಕವಾಟದ ಕಡ್ಡಿಯನ್ನು ಸರಿಹೊಂದಿಸಿಕೊಳ್ಳಬೇಕು.