ಬಿಷಪ್ ಕಾಟನ್ ಬಾಲಕರ ಶಾಲೆ ಮತ್ತು ಜಿ. ಯು. ಪೋಪ್: ಹಳಗನ್ನಡದ ಒಂದು ಮರೆತ ಪ್ರಸಂಗ

ಶಾಲೆಗಳ ಚರಿತ್ರೆಯನ್ನು ಸಾಹಿತ್ಯ ಸಂಶೋಧಕರು ಆಕರವೆಂದು ಪರಿಗಣಿಸುವುದು ಅಪರೂಪ. ಅದು ಸ್ಮರಣ ಸಂಚಿಕೆಗಳಿಗೆ ಸೇರಿದ ವಿಷಯವೆಂದು ಬದಿಗಿಡುವುದೇ ನಮ್ಮಲ್ಲಿನ ವಾಡಿಕೆ. ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯ ವಿಷಯದಲ್ಲಿ ಈ ವಾಡಿಕೆಯಿಂದ ನಮಗೆ ನಷ್ಟವಾಗಿದೆ ಎಂಬುದು ನಮ್ಮ ಅಭಿಪ್ರಾಯ. ಚೆನ್ನೈಯ ಓದುಗರು ಮರೀನಾ ಕಡಲತೀರದಲ್ಲಿ ೧೯೬೮ರಲ್ಲಿ ಸ್ಥಾಪಿತವಾದ ಜಿ. ಯು. ಪೋಪ್ ಅವರ ಪ್ರತಿಮೆಯನ್ನು ಕಂಡಿರುತ್ತಾರೆ. ಆ ಪೋಪ್ ಅವರೇ ೧೮೭೧ರಿಂದ ೧೮೮೨ರವರೆಗೆ ಈ ಶಾಲೆಯ ಮುಖ್ಯಸ್ಥರಾಗಿದ್ದರೆಂಬುದು ಕನ್ನಡ ವಿದ್ವಾಂಸರಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಶಾಲೆಯ ಹೆಸರಿಗೆ ಕಾರಣರಾದವರು ಕಲ್ಕತ್ತೆಯ ಬಿಷಪ್ ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್. ಇವರು ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಥಾಮಸ್ ಆರ್ನಾಲ್ಡ್ ಅವರ ಕೈಕೆಳಗೆ ಅಧ್ಯಾಪಕರಾಗಿದ್ದು, ಬಳಿಕ ೧೮೫೨ರಿಂದ ಮಾರ್ಲ್‌ಬರೋ ಶಾಲೆಯನ್ನು ನಡೆಸಿ, ೧೮೫೮ರಲ್ಲಿ ಭಾರತಕ್ಕೆ ಬಂದರು. ಇಲ್ಲಿ ನೆಲೆಸಿದ್ದ ಐರೋಪ್ಯರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಶಾಲೆಗಳಿರಬೇಕೆಂಬುದು ಅವರ ಯೋಜನೆ. ಸಿಮ್ಲಾದ ಶಾಲೆ ಮೊದಲು ಬಂತು. ಬೆಂಗಳೂರಿನದನ್ನು ೧೮೬೫ರಲ್ಲಿ ಆರಂಭಿಸಿದವರು ಪಾದ್ರಿ ಸ್ಯಾಮ್ಯುಯೆಲ್ ಥಾಮಸ್ ಪೆಟಿಗ್ರೂ. ಮರುವರ್ಷ ಅಕ್ಟೋಬರ್ ೬ರಂದು ಬಂಗಾಳದ ಕುಷ್ಟಿಯಾ ಎಂಬಲ್ಲಿ ಕಾಟನ್ ಅವರು ಕಾಲುಜಾರಿ ನದಿಗೆ ಬಿದ್ದು ತೀರಿಕೊಂಡರು. ಹೈಗ್ರೌಂಡ್ಸ್‌ನಲ್ಲಿ ಹುಟ್ಟಿದ ಶಾಲೆ ೧೮೭೧ರಲ್ಲಿ ಸೇಂಟ್ ಮಾರ್ಕ್ಸ್ ರಸ್ತೆಯ ಈಗಿನ ಆವರಣಕ್ಕೆ ಬಂದಿತು. ಪೋಪ್ ಅವರೂ ಅದೇ ವರ್ಷ ಬಂದರು.

ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ೧೮೨೦ರಲ್ಲಿ ಹುಟ್ಟಿದ ಪೋಪ್ ಅವರು ೧೮೩೯ರಲ್ಲಿ ಮದರಾಸಿಗೆ ಬಂದು, ತಿರುನೆಲ್ವೇಲಿ ಸೀಮೆಯ ಸಾಯರ್‌ಪುರಂ, ತಂಜಾವೂರು, ಉದಕಮಂಡಲಗಳಲ್ಲಿ ಕೆಲಸಮಾಡಿ ಬೆಂಗಳೂರನ್ನು ಸೇರಿದ್ದರು. ಅವರಿಗೆ ಕೀರ್ತಿ ತಂದ ತಿರುಕ್ಕುರಳ್ (೧೮೮೬), ನಾಲಡಿಯಾರ್ (೧೮೯೩), ತಿರುವಾಚಕಂ (೧೯೦೦) ಅನುವಾದಗಳೆಲ್ಲ ಬೆಂಗಳೂರು ಬಿಟ್ಟ ಮೇಲೆ ಇಂಗ್ಲೆಂಡಿನಲ್ಲಿ ಪ್ರಕಟವಾದವು. ಆದುದರಿಂದ ಅವರ ಜೀವನಚರಿತ್ರೆಗಳಲ್ಲಿ ಬೆಂಗಳೂರಿನ ಹನ್ನೊಂದು ವರ್ಷಗಳು ಒಂದೆರಡು ವಾಕ್ಯಗಳಲ್ಲಿ ಮುಗಿದುಬಿಡುತ್ತವೆ.

ಆದರೆ ಆ ಅವಧಿ ಬರಿದಾಗಿರಲಿಲ್ಲ. ೧೮೭೩ರಲ್ಲಿ ಡಬ್ಲ್ಯು. ಇ. ಮಾರ್ಷಲ್ ಎಂಬ ಸೇನಾಧಿಕಾರಿ ನೀಲಗಿರಿಯ ತೋಡರನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದರು. ತಲೆಬುರುಡೆಯ ಆಕಾರದಿಂದ ಸ್ವಭಾವವನ್ನು ಹೇಳಹೊರಟ ಆ ಗ್ರಂಥವನ್ನು ಇಂದು ಗಂಭೀರವಾಗಿ ಓದುವವರಿಲ್ಲ, ಓದಬೇಕಾಗಿಯೂ ಇಲ್ಲ. ಅದರೊಡನೆ ಸೇರಿರುವ ತೋಡ ವ್ಯಾಕರಣದ ಸಂಕ್ಷಿಪ್ತ ರೂಪರೇಖೆ ಮಾತ್ರ ಪೋಪ್ ಅವರದು. ತೋಡ ಭಾಷೆ ಮೂಲತಃ ಹಳಗನ್ನಡವೇ ಹೊರತು ಬೇರೊಂದು ಉಪಭಾಷೆಯಲ್ಲ, ತೋಡರು ಕನ್ನಡ ಸೀಮೆಯಿಂದ ವಲಸೆ ಹೋದವರಾಗಿದ್ದು ಸುಮಾರು ೮೦೦ ವರ್ಷಗಳಿಂದ ನೀಲಗಿರಿಯಲ್ಲಿ ನೆಲೆಸಿರಬಹುದು ಎಂದು ಅಲ್ಲಿ ಅವರು ಅಭಿಪ್ರಾಯಪಟ್ಟಿದ್ದಾರೆ.

ಈ ಅಭಿಪ್ರಾಯ ನಿಲ್ಲಲಿಲ್ಲ. ಎಂ. ಬಿ. ಎಮಿನೋ ಅವರು ೧೯೩೦ರ ದಶಕದಲ್ಲಿ ನಡೆಸಿದ ಕ್ಷೇತ್ರಕಾರ್ಯದಿಂದ ತೋಡ ಭಾಷೆ ಕೋತ ಭಾಷೆಗೆ ಹತ್ತಿರದ, ಸ್ವತಂತ್ರವಾದ ದಕ್ಷಿಣ ದ್ರಾವಿಡ ಭಾಷೆಯೆಂಬುದು ಸ್ಥಿರಪಟ್ಟಿತು. ಶಾಸನದ ಸಾಕ್ಷ್ಯವನ್ನೂ ಇಲ್ಲಿ ನೆನೆಯಬೇಕು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೋಡರನ್ನು ಬೆದರಿಸಿದನೆಂದು ಚಾಮರಾಜನಗರದ ೧೧೧೭ರ ಶಾಸನ ಹೇಳುತ್ತದೆ. ಪೋಪ್ ಅವರ ೮೦೦ ವರ್ಷಗಳ ಲೆಕ್ಕ ನಮ್ಮನ್ನು ಒಯ್ಯುವುದೂ ಹೆಚ್ಚುಕಡಿಮೆ ಆ ಕಾಲಕ್ಕೇ. ಆದರೆ ಶಾಸನದಲ್ಲಿ ತೋಡರು ಬೇರೊಂದು ಜನವಾಗಿಯೇ ಕಾಣಿಸುತ್ತಾರೆ. ಈ ಶಾಸನ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಅಚ್ಚಾದದ್ದು ೧೮೯೮ರಲ್ಲಿ. ತಮಿಳು ವಿದ್ವಾಂಸರೊಬ್ಬರು ಒಂದು ಅಜ್ಞಾತ ಭಾಷೆಯನ್ನು ಅಳೆಯಲು ತಮಿಳನ್ನು ಬಿಟ್ಟು ಹಳಗನ್ನಡವನ್ನು ಅಳತೆಗೋಲಾಗಿ ಹಿಡಿದರೆಂಬುದು ನಮಗೆ ಮುಖ್ಯ. ಹಳಗನ್ನಡ ಅಧ್ಯಯನದ ಚರಿತ್ರೆಯಲ್ಲಿ ಈ ಪ್ರಸಂಗಕ್ಕೆ ಸ್ಥಾನವಿರಬೇಕು.

ಕಾಲವೂ ಹಾಗೆಯೇ ಇತ್ತು. ಮಂಗಳೂರಿನಲ್ಲಿ ಕಿಟೆಲ್ ಅವರು ೧೮೭೨ರಲ್ಲಿ ಶಬ್ದಮಣಿದರ್ಪಣವನ್ನೂ ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಹೊರತಂದರು. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಅವರು ವಿದ್ಯಾ ಇಲಾಖೆಯ ಕೆಲಸದ ನಡುವೆ ೧೮೭೯ರಲ್ಲಿ ಮೈಸೂರು ಶಾಸನಗಳ ಸಂಕಲನ ಪ್ರಕಟಿಸಿದರು. ಆದರೆ ಆಗ ಬೆಂಗಳೂರು ಒಂದಾಗಿರಲಿಲ್ಲ, ಎರಡಾಗಿತ್ತು. ಪೇಟೆಯ ಕನ್ನಡವೇ ಬೇರೆ, ದಂಡಿನ ಬದುಕೇ ಬೇರೆ. ೧೮೮೧ರಲ್ಲಿ ಮೈಸೂರು ಒಡೆಯರಿಗೆ ಮರಳಿದರೂ ದಂಡುಪ್ರದೇಶ ೧೯೪೭ರವರೆಗೆ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ದಂಡಿನ ಬೀದಿಗಳಲ್ಲಿ ತಮಿಳೇ ಹೆಚ್ಚಾಗಿ ಕೇಳಿಬರುತ್ತಿತ್ತು, ಶಾಲೆಯೊಳಗೆ ಇಂಗ್ಲಿಷ್. ಪೋಪ್ ಅವರ ವಿದ್ವತ್ತು ಕನ್ನಡದತ್ತ ಇನ್ನಷ್ಟು ಹೊರಳದಿದ್ದುದಕ್ಕೆ ಶಾಲೆಯ ಈ ನೆಲೆಯೂ ಒಂದು ಕಾರಣವೆಂದು ನಾವು ಊಹಿಸುತ್ತೇವೆ.

ಶಾಲೆಯ ಸಂಪ್ರದಾಯಗಳ ಮೂಲ ರಗ್ಬಿಯ ಮಾದರಿಯಲ್ಲಿದೆ. ವಿದ್ಯಾರ್ಥಿಗಳನ್ನು ಹೌಸ್‌ಗಳಾಗಿ ವಿಂಗಡಿಸುವುದು, ಪ್ರಾರ್ಥನಾ ಮಂದಿರ, ಸಂಘಟಿತ ಆಟಗಳು, ಎಡಕ್ಕಾಗಲಿ ಬಲಕ್ಕಾಗಲಿ ತಿರುಗಬಾರದೆಂಬ ಲ್ಯಾಟಿನ್ ಧ್ಯೇಯವಾಕ್ಯ ಇವೆಲ್ಲ ಆ ಅಚ್ಚಿನವು. ಸೇಂಟ್ ಜೋಸೆಫ್ ಶಾಲೆಯೊಡನೆ ಇದಕ್ಕಿರುವ ಕ್ರೀಡಾಸ್ಪರ್ಧೆ ಬೆಂಗಳೂರಿಗರಿಗೆಲ್ಲ ಗೊತ್ತು. ಕೊಡಗಿನ ಪೊಲ್ಲಿಬೆಟ್ಟದ ಕಾಫಿ ತೋಟದಲ್ಲಿ ಹುಟ್ಟಿ ಇಲ್ಲಿ ಓದಿದ ವಿಲಿಯಂ ಲೀಫ್ ರಾಬಿನ್‌ಸನ್, ೧೯೧೬ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ನೆಲದ ಮೇಲೆ ಜರ್ಮನ್ ವಾಯುನೌಕೆಯೊಂದನ್ನು ಹೊಡೆದುರುಳಿಸಿ ವಿಕ್ಟೋರಿಯಾ ಕ್ರಾಸ್ ಪಡೆದರು. ೧೯೫೭ರಿಂದ ೧೯೬೧ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ. ಎಸ್. ತಿಮ್ಮಯ್ಯನವರೂ ಇಲ್ಲಿಯ ವಿದ್ಯಾರ್ಥಿ. ಅಣುವಿಜ್ಞಾನಿ ರಾಜಾ ರಾಮಣ್ಣನವರೂ ಇಲ್ಲಿ ಓದಿದವರೇ.

ಹೌಸ್‌ಗಳಿಗೆ ಇಟ್ಟ ಹೆಸರುಗಳಲ್ಲಿ ಕಾಟನ್, ಪೆಟಿಗ್ರೂ ಅವರೊಡನೆ ಪೋಪ್ ಅವರದೂ ಸೇರಿದೆ. ಹೀಗೆ ಬೆಂಗಳೂರಿನಲ್ಲಿ ಅವರ ಹೆಸರು ಆಟದ ಮೈದಾನದಲ್ಲಿ ಕೂಗಿಗೆ ಉಳಿಯಿತು, ಚೆನ್ನೈಯಲ್ಲಿ ಪ್ರತಿಮೆಯಾಗಿ ನಿಂತಿತು. ೧೯೦೮ರಲ್ಲಿ ತೀರಿಕೊಂಡ ಅವರ ಸಮಾಧಿ ಆಕ್ಸ್‌ಫರ್ಡಿನಲ್ಲಿದೆ. ಅದರ ಮೇಲೆ 'ತಮಿಳು ವಿದ್ಯಾರ್ಥಿ' ಎಂದು ಕೆತ್ತಲಾಗಿದೆಯೆಂಬ ಮಾತು ಬಹು ಪ್ರಚಾರದಲ್ಲಿದ್ದರೂ ಅದು ದಂತಕಥೆ. ಕಲ್ಲಿನ ಮೇಲಿರುವುದು ಅವರು ಆ ವಿಶ್ವವಿದ್ಯಾಲಯದಲ್ಲಿ ತಮಿಳು ಮತ್ತು ತೆಲುಗು ಅಧ್ಯಾಪಕರಾಗಿದ್ದರೆಂಬ ಮಾತು.